ಮನೆ ಪ್ಲ್ಯಾನ್ ಸಾಫ್ಟ್‌ವೇರ್ ಕೈಕೊಟ್ಟಾಗ: ಸಹಾಯ ಕೇಳೋದು ಹೇಗೆ, ಮಾಡೋದು ಹೇಗೆ

ಮನೆ ಪ್ಲ್ಯಾನ್ ಬರೆದುಕೊಡೋದು ನನ್ನ ಕೆಲಸ. ಊರು ದಾವಣಗೆರೆ. ಸಿವಿಲ್ ಡಿಪ್ಲೊಮಾ ಮುಗಿಸಿ, ಒಬ್ಬ ಎಂಜಿನಿಯರ್ ಆಫೀಸಿನಲ್ಲಿ ಆಟೊಕ್ಯಾಡ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್ ಕೈಗೆ ಹತ್ತಿಸಿಕೊಂಡು, ಈಗ ಸ್ವಂತವಾಗಿ ಮಾಡುತ್ತಿದ್ದೇನೆ. ಇದರ ಜೊತೆಗೆ ಇನ್ನೊಂದು ಕೆಲಸ ತಾನಾಗಿ ಬಂದು ಸೇರಿಕೊಂಡಿದೆ. ಮನೆ ಕಟ್ಟಿಸುವವರು ಈಗ ತಾವೇ ಸ್ವೀಟ್ ಹೋಮ್ 3ಡಿ ಅಥವಾ ಸ್ಕೆಚಪ್ ಹಾಕಿಕೊಂಡು ಪ್ಲ್ಯಾನ್ ಎಳೆಯಲು ಕೂರುತ್ತಾರೆ. ಎಲ್ಲೋ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಆಗ ವಾಟ್ಸ್ಆ್ಯಪ್ ಬರುತ್ತದೆ: "ಮೇಡಂ, ಒಂಚೂರು ನೋಡ್ತೀರಾ?"

ನೋಡುತ್ತೇನೆ, ನನಗೆ ಖುಷಿಯೇ. ತಮ್ಮ ಮನೆಯ ಅಡುಗೆಕೋಣೆ ಎಷ್ಟು ಅಗಲ ಇರಬೇಕು ಅಂತ ಒಬ್ಬರು ತಾವೇ ಕೂತು ಯೋಚಿಸುತ್ತಾರೆ ಅಂದರೆ ಅದು ಒಳ್ಳೆಯದು. ಆದರೆ ಒಂದು ಮಾತು. ಬೇಗ ಪರಿಹಾರ ಸಿಗೋದು ಬಿಡೋದು ಹೆಚ್ಚಾಗಿ ಪ್ರಶ್ನೆ ಹೇಗೆ ಬಂತು ಅನ್ನೋದರ ಮೇಲಿದೆ. ಸಹಾಯ ಮಾಡುವವರಿಗೂ ಒಂದು ಕ್ರಮ ಬೇಕು. ಎರಡನ್ನೂ ಇಲ್ಲಿ ಬರೆಯುತ್ತೇನೆ.

ಕೇಳುವ ಮೊದಲು

"3ಡಿ ಬರ್ತಿಲ್ಲ ಮೇಡಂ." ಇದು ನನಗೆ ಜಾಸ್ತಿ ಬರುವ ಮೆಸೇಜು. ಇದಕ್ಕೆ ಏನಂತ ಉತ್ತರ ಕೊಡಲಿ? ಸಾಫ್ಟ್‌ವೇರೇ ಓಪನ್ ಆಗುತ್ತಿಲ್ಲ ಅಂತಲೋ? ಓಪನ್ ಆಗಿ 3ಡಿ ಜಾಗ ಕಪ್ಪಗೆ ಕಾಣುತ್ತಿದೆ ಅಂತಲೋ? ಗೋಡೆ ಕಾಣುತ್ತೆ, ನೆಲ ಕಾಣಲ್ಲ ಅಂತಲೋ? ನಾಲ್ಕು ಜನ ಇದೇ ಮಾತು ಹೇಳಿದರೆ ನಾಲ್ಕು ಬೇರೆ ತೊಂದರೆ ಇರುತ್ತವೆ.

ಅದಕ್ಕೆ ಮೊದಲು ಎರಡು ಸಣ್ಣ ಪರೀಕ್ಷೆ ಮಾಡಿ. ಫೈಲಿನ ಒಂದು ಕಾಪಿ ಮಾಡಿಟ್ಟುಕೊಳ್ಳಿ. ಇನ್ನು ಮುಂದೆ ಏನೇ ಪ್ರಯೋಗ ಮಾಡಿದರೂ ಕಾಪಿಯ ಮೇಲೇ. ಆಮೇಲೆ ಹೊಸ ಖಾಲಿ ಫೈಲ್ ತೆಗೆದು, ನಾಲ್ಕು ಗೋಡೆ ಎಳೆದು, ಅದೇ ತೊಂದರೆ ಅಲ್ಲೂ ಬರುತ್ತದಾ ನೋಡಿ. ಅಲ್ಲೂ ಬಂದರೆ ಕಂಪ್ಯೂಟರಿನದೋ ಸೆಟ್ಟಿಂಗಿನದೋ ತೊಂದರೆ. ಅಲ್ಲಿ ಸರಿಯಾಗಿದ್ದರೆ ನಿಮ್ಮ ಫೈಲಿನೊಳಗೇ ಏನೋ ಇದೆ. ಈ ಒಂದು ವಿಷಯ ಗೊತ್ತಾದರೆ ಸಹಾಯ ಮಾಡುವವರ ಅರ್ಧ ಕೆಲಸ ಮುಗಿಯಿತು.

ಫೈಲಿನೊಳಗೇ ಇದೆ ಅಂತಾದರೆ, ಕಾಪಿಯಲ್ಲಿ ಅರ್ಧ ಸಾಮಾನು ಡಿಲೀಟ್ ಮಾಡಿ ನೋಡಿ. ತೊಂದರೆ ಹೋಯಿತಾ? ಹಾಗಾದರೆ ತೆಗೆದ ಅರ್ಧದಲ್ಲಿತ್ತು. ಹೋಗಲಿಲ್ಲವಾ? ಉಳಿದ ಅರ್ಧದಲ್ಲಿದೆ. ಹೀಗೆ ಅರ್ಧರ್ಧ ಮಾಡುತ್ತಾ ಹೋದರೆ ಎಲ್ಲಿಂದಲೋ ಇಳಿಸಿಕೊಂಡ ಒಂದು ಸೋಫಾ ಸಿಕ್ಕಿಬೀಳುತ್ತದೆ. ಸ್ಕೆಚಪ್‌ನಲ್ಲಂತೂ ಇದು ಮಾಮೂಲು. ಮನೆ ಪೂರ್ತಿ ಹಗುರ ಇರುತ್ತೆ, ಹೂಕುಂಡದ ಒಂದು ಗಿಡದಲ್ಲಿ ಒಂದೊಂದು ಎಲೆಗೂ ನೂರು ಗೆರೆ ಇರುತ್ತವೆ. ಅದನ್ನು ತೆಗೆದು, ಮಾಡೆಲ್ ಇನ್ಫೊದ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ 'ಪರ್ಜ್ ಅನ್‌ಯೂಸ್ಡ್' ಒತ್ತಿ. ಗಿಡ ತೆಗೆದ ಮೇಲೂ ಅದು ಫೈಲಿನಲ್ಲಿ ಉಳಿದುಕೊಂಡಿರುತ್ತದೆ, ಪರ್ಜ್ ಮಾಡಿದ ಮೇಲೇ ಹೋಗೋದು.

3ಡಿ ಕಪ್ಪಗಿದ್ದರೆ, ಖಾಲಿ ಫೈಲಿನಲ್ಲೂ ಹಾಗೇ ಇದ್ದರೆ, ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ ನೋಡಿ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್ ಆದರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಡಿಸ್ಪ್ಲೇ, ಗ್ರಾಫಿಕ್ಸ್ ಅಂತ ಹೋಗಿ ಆ ಸಾಫ್ಟ್‌ವೇರಿಗೆ 'ಹೈ ಪರ್ಫಾರ್ಮೆನ್ಸ್' ಆರಿಸಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ಉತ್ತರ ಸಿಗುವ ಪ್ರಶ್ನೆ

ಹರಿಹರದ ಒಬ್ಬರು ನಿವೃತ್ತ ಮೇಷ್ಟ್ರು ನನಗೆ ಕಳಿಸಿದ ಮೆಸೇಜು ಹೀಗಿತ್ತು:

"ನಮಸ್ಕಾರಮ್ಮಾ. ಸ್ವೀಟ್ ಹೋಮ್ 3ಡಿ, ವರ್ಷನ್ 7.5, ವಿಂಡೋಸ್ 11. ಸೈಟು 30×40, ಗ್ರೌಂಡ್ ಫ್ಲೋರು. ಬೆಡ್‌ರೂಮಿಗೆ 10×12 ಅಂತ ಗೋಡೆ ಎಳೆದೆ, ಗೋಡೆ ದಪ್ಪ 9 ಇಂಚು. ಒಳಗೆ ಅಳೆದರೆ 9 ಅಡಿ 3 ಇಂಚು, 11 ಅಡಿ 3 ಇಂಚು ತೋರಿಸುತ್ತೆ. ನನಗೆ ಒಳಗೆ ಪೂರ್ತಿ 10×12 ಬೇಕು. ಅಳಿಸಿ ಮತ್ತೆ ಎಳೆದೆ, ಅಷ್ಟೇ ಬರುತ್ತೆ. ಫೈಲು, ಸ್ಕ್ರೀನ್‌ಶಾಟು ಹಾಕಿದ್ದೀನಿ."

ಎಷ್ಟು ಚೆಂದ ನೋಡಿ. ಯಾವ ಸಾಫ್ಟ್‌ವೇರು, ಯಾವ ವರ್ಷನ್ನು, ಏನು ಮಾಡಿದರು, ಏನು ಬಂತು, ಏನು ಬರಬೇಕಿತ್ತು, ಆಗಲೇ ಏನು ಮಾಡಿ ನೋಡಿದರು. ಎಲ್ಲಾ ಇದೆ. ಫೈಲ್ ತೆಗೆಯುವ ಮೊದಲೇ ನನಗೆ ಉತ್ತರ ಗೊತ್ತಾಯಿತು. ಎರಡೂ ಕಡೆ ಸರಿಯಾಗಿ 9 ಇಂಚೇ ಕಡಿಮೆ ಬಂದಿದೆ, ಗೋಡೆ ದಪ್ಪವೂ 9 ಇಂಚು. ಸ್ವೀಟ್ ಹೋಮ್ 3ಡಿಯಲ್ಲಿ ಗೋಡೆಯ ಉದ್ದ ಅಳೆಯೋದು ಗೋಡೆಯ ನಡುಗೆರೆಯ ಮೇಲೆ. ಆ ಕಡೆ ಗೋಡೆಯಿಂದ ನಾಲ್ಕೂವರೆ ಇಂಚು, ಈ ಕಡೆ ಗೋಡೆಯಿಂದ ನಾಲ್ಕೂವರೆ ಇಂಚು ರೂಮಿನೊಳಗೆ ಬರುತ್ತದೆ. ಒಳಗೆ 10 ಅಡಿ ಬೇಕಾದರೆ 10 ಅಡಿ 9 ಇಂಚು ಅಂತ ಎಳೆಯಬೇಕು. ಗೋಡೆ ಎಳೆಯುವಾಗ ಎಂಟರ್ ಒತ್ತಿದರೆ ಉದ್ದವನ್ನು ಟೈಪ್ ಮಾಡಿಯೇ ಕೊಡಬಹುದು, ಮೌಸ್ ಹಿಡಿದು ಪರದಾಡಬೇಕಿಲ್ಲ.

ಇದೇ ಜಾಗದಲ್ಲಿ ಇನ್ನೊಂದು ವಿಷಯ. ಆ ಸಾಫ್ಟ್‌ವೇರ್ ಸೆಂಟಿಮೀಟರ್ ಲೆಕ್ಕದಲ್ಲಿದ್ದಾಗ ಹೊಸ ಗೋಡೆಗೆ ತಾನಾಗಿ ಕೊಡುವ ದಪ್ಪ 7.5 ಸೆಂಟಿಮೀಟರ್, ಎತ್ತರ 250 ಸೆಂಟಿಮೀಟರ್. ನಮ್ಮ ಕಡೆ ಹೊರಗೋಡೆ 9 ಇಂಚು, ಅಂದರೆ ಸುಮಾರು 23 ಸೆಂಟಿಮೀಟರ್. ಎತ್ತರ 10 ಅಡಿ, ಅಂದರೆ 305. ಪ್ರಿಫರೆನ್ಸಸ್‌ನಲ್ಲಿ ಇದನ್ನು ಮೊದಲೇ ಬದಲಾಯಿಸದೆ ಪ್ಲ್ಯಾನ್ ಎಳೆದವರಿಗೆ ರೂಮುಗಳು ದೊಡ್ಡದಾಗಿ ಕಾಣುತ್ತವೆ. ಆಮೇಲೆ ಮೇಸ್ತ್ರಿ ದಾರ ಕಟ್ಟಿದಾಗ "ಇಷ್ಟೇನಾ?" ಅಂತ ಅನ್ನಿಸುತ್ತದೆ.

ವರ್ಷನ್ ಎಲ್ಲಿ ನೋಡೋದು ಅಂತ ಕೇಳುತ್ತಾರೆ. ಹೆಲ್ಪ್ ಮೆನುವಿನಲ್ಲಿ 'ಅಬೌಟ್' ಅಂತ ಇರುತ್ತದೆ, ಅದರ ಸ್ಕ್ರೀನ್‌ಶಾಟ್ ಕಳಿಸಿದರೆ ಸಾಕು. ಕಂಪ್ಯೂಟರಿನ ವಿವರಕ್ಕೆ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಡಿಎಕ್ಸ್‌ಡಯಾಗ್ (dxdiag) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ರ‍್ಯಾಮ್ ಎಷ್ಟು, ಗ್ರಾಫಿಕ್ಸ್ ಯಾವುದು, ಎಲ್ಲಾ ತೋರಿಸುತ್ತದೆ.

ಸ್ಕ್ರೀನಿಗೆ ಮೊಬೈಲ್ ಹಿಡಿದು ಫೋಟೊ ತೆಗೆಯಬೇಡಿ. ಗೆರೆ ಗೆರೆ ಬರುತ್ತದೆ, ಇಂಚಿನ ಅಂಕೆ ಓದಲು ಆಗುವುದಿಲ್ಲ. ವಿಂಡೋಸ್ ಕೀ, ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿ ಬೇಕಾದಷ್ಟು ಜಾಗ ಆರಿಸಿಕೊಳ್ಳಿ. ಪೂರ್ತಿ ಸ್ಕ್ರೀನೇ ಕಳಿಸಿದರೆ ಇನ್ನೂ ಒಳ್ಳೆಯದು. ಮೇಲಿನ ಮೆನು, ಕೆಳಗಿನ ಪಟ್ಟಿ, ಯಾವ ಟೂಲ್ ಒತ್ತಿದ್ದೀರಿ ಅನ್ನೋದೆಲ್ಲಾ ನಮಗೆ ಸುಳಿವು ಕೊಡುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೊ ಅಂತ ಹಾಕಿದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ.

ಎರರ್ ಮೆಸೇಜು ಬಂದರೆ ಅದರ ಅಕ್ಷರ ಅಕ್ಷರವೂ ಬೇಕು. "ಏನೋ ಒಂದು ಎರರ್ ಬಂತು, ಓಕೆ ಒತ್ತಿದೆ" ಅಂದರೆ ನಾವು ಏನೂ ಹೇಳಲು ಆಗುವುದಿಲ್ಲ. ಓಕೆ ಒತ್ತುವ ಮೊದಲು ಸ್ಕ್ರೀನ್‌ಶಾಟ್.

ಸಾಫ್ಟ್‌ವೇರ್ ತಯಾರಕರನ್ನೇ ಕೇಳಬೇಕಾದಾಗ ಇಂಗ್ಲಿಷ್ ಬರಲ್ಲ ಅಂತ ಎಷ್ಟೋ ಜನ ಸುಮ್ನೆ ಕೂತುಬಿಡುತ್ತಾರೆ. ಹಾಗೆ ಕೂರಬೇಡಿ. ಅಂಕೆ, ಸ್ಕ್ರೀನ್‌ಶಾಟು, ಫೈಲು ಇದ್ದರೆ ನಾಲ್ಕು ಸಣ್ಣ ವಾಕ್ಯ ಸಾಕು. ಸ್ವೀಟ್ ಹೋಮ್ 3ಡಿ ಮಾಡಿದವರು ಫ್ರಾನ್ಸಿನ ಎಮ್ಯಾನುಯೆಲ್ ಪ್ಯುಬಾರೆ. ಅವರಿಗೂ ಇಂಗ್ಲಿಷ್ ತಾಯಿನುಡಿ ಅಲ್ಲ. 2006ರಿಂದ ಆ ಸಾಫ್ಟ್‌ವೇರನ್ನು ಜನರಿಗೆ ಉಚಿತವಾಗಿ ಕೊಡುತ್ತಾ ಬಂದಿದ್ದಾರೆ. ಅಂಥವರಿಗೆ ತೊಂದರೆ ಸ್ಪಷ್ಟವಾಗಿ ತಿಳಿಸೋದು ನಾವು ಮಾಡಬಹುದಾದ ಒಂದು ಉಪಕಾರ.

ಮತ್ತೆ ಮತ್ತೆ ಬರುವ ಕೆಲವು

ಫೋಟೊ ಹಿಂದೆ ಹಾಕಿ ಎಳೆದ ಪ್ಲ್ಯಾನು ಅಳತೆ ತಪ್ಪುವುದು. ಕೈಯಲ್ಲಿ ಬರೆದ ಪ್ಲ್ಯಾನನ್ನು ಹಿನ್ನೆಲೆಯಾಗಿ ಹಾಕುವಾಗ ಸಾಫ್ಟ್‌ವೇರ್ ಒಂದು ಗೆರೆ ಕೊಟ್ಟು, ಇದರ ಉದ್ದ ಎಷ್ಟು ಅಂತ ಕೇಳುತ್ತದೆ. ಹೆಚ್ಚಿನವರು ಬಾಗಿಲ ಮೇಲೆ ಆ ಗೆರೆ ಇಟ್ಟು 3 ಅಡಿ ಅಂತ ಕೊಡುತ್ತಾರೆ. ಅಲ್ಲಿ ಒಂದೇ ಒಂದು ಇಂಚು ತಪ್ಪಿದರೂ 40 ಅಡಿ ಉದ್ದಕ್ಕೆ ಅದು 13 ಇಂಚು ಆಗುತ್ತದೆ. ಅದಕ್ಕೆ ಯಾವಾಗಲೂ ಗೊತ್ತಿರುವ ಅತಿ ಉದ್ದದ ಅಳತೆಯನ್ನೇ ಆರಿಸಿ. ಸೈಟಿನ 40 ಅಡಿ ಪಕ್ಕ ಇದೆಯಲ್ಲ, ಅದು. ಇನ್ನೊಂದು, ಫೋಟೊ ಓರೆಯಾಗಿ ತೆಗೆದಿದ್ದರೆ 40ರ ಕಡೆ ಸರಿಹೋಗಿ 30ರ ಕಡೆ ತಪ್ಪುತ್ತದೆ. ಅದನ್ನು ಯಾವ ಸೆಟ್ಟಿಂಗೂ ಸರಿಮಾಡುವುದಿಲ್ಲ. ಕಾಗದವನ್ನು ನೆಲದ ಮೇಲೆ ಸಪಾಟಾಗಿ ಹಾಸಿ ಮೊಬೈಲಿನ ಸ್ಕ್ಯಾನರ್ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ, ಇಲ್ಲವೇ ಜೆರಾಕ್ಸ್ ಅಂಗಡಿಯಲ್ಲಿ ಮಾಡಿಸಿ.

ಸ್ವೀಟ್ ಹೋಮ್ 3ಡಿಯಲ್ಲಿ ರೂಮ್ ಟೂಲ್ ಆರಿಸಿ ರೂಮಿನೊಳಗೆ ಡಬಲ್ ಕ್ಲಿಕ್ ಮಾಡಿದರೆ ನೆಲ ಬರುತ್ತಿಲ್ಲ ಅಂದರೆ ಗೋಡೆಗಳು ಎಲ್ಲೋ ಸೇರಿಲ್ಲ ಅಂತ. ಮೂಲೆಗಳನ್ನು ದೊಡ್ಡದು ಮಾಡಿ ಒಂದೊಂದೇ ನೋಡಿ.

ಸ್ಕೆಚಪ್‌ನಲ್ಲಿ ಗೋಡೆ ಮಿಣಮಿಣ ಅಂತ ಮಿನುಗುತ್ತಿದ್ದರೆ ಒಂದೇ ಜಾಗದಲ್ಲಿ ಎರಡು ಮುಖ ಕೂತಿವೆ. ಒಂದನ್ನು ತೆಗೆಯಿರಿ. ಗೋಡೆ ಸರಿಸಿದರೆ ಕಿಟಕಿಯೂ ಎಳೆದುಕೊಂಡು ಬರುತ್ತಿದ್ದರೆ ಅವನ್ನು ಬೇರೆ ಬೇರೆ ಗ್ರೂಪ್ ಮಾಡಿಲ್ಲ ಅಂತ. ಫೈಲ್ ಹಾಳಾದರೆ ಅದರ ಜೊತೆಗಿನ ಎಸ್‌ಕೆಬಿ ಬ್ಯಾಕಪ್ ಹುಡುಕಿ.

ಆಟೊಕ್ಯಾಡ್ ಬಳಸುವವರಿಗೆ: ಓಪನ್ ಕೊಟ್ಟರೆ ವಿಂಡೋ ಬರದೆ ಕೆಳಗಿನ ಸಾಲಿನಲ್ಲಿ ಹೆಸರು ಕೇಳುತ್ತಿದೆಯಾ? ಫೈಲ್‌ಡಯಾ (FILEDIA) ಅಂತ ಟೈಪ್ ಮಾಡಿ 1 ಕೊಡಿ. ಅಷ್ಟೇ. ಡ್ರಾಯಿಂಗ್ ಹಾಳಾಗಿದ್ದರೆ ರಿಕವರ್, ಆಮೇಲೆ ಆಡಿಟ್. ಅದೂ ಆಗದಿದ್ದರೆ ಅದೇ ಫೋಲ್ಡರಿನಲ್ಲಿರುವ ಬಿಎಕೆ ಫೈಲನ್ನು ಕಾಪಿ ಮಾಡಿ ಹೆಸರಿನ ಕೊನೆಯನ್ನು ಡಿಡಬ್ಲ್ಯೂಜಿ ಅಂತ ಬದಲಿಸಿ. ಒಬ್ಬರು ಅಡಿ ಲೆಕ್ಕದಲ್ಲಿ ಬರೆದದ್ದು ಇನ್ನೊಬ್ಬರ ಮಿಲಿಮೀಟರ್ ಡ್ರಾಯಿಂಗಿನಲ್ಲಿ ಚುಕ್ಕಿಯಂತೆ ಕಂಡರೆ 304.8ರಿಂದ ಸ್ಕೇಲ್ ಮಾಡಿ. ಸ್ಕೇಲ್ ಮಾಡಿದ ಮೇಲೆ ಗೊತ್ತಿರುವ ಒಂದು ಗೋಡೆಯನ್ನು ಡಿಸ್ಟ್ ಕಮಾಂಡಿನಿಂದ ಅಳೆದು ನೋಡಲೇಬೇಕು.

ಕನ್ನಡದವರಿಗೇ ಇರುವ ಒಂದು ತೊಂದರೆ ಫಾಂಟಿನದು. ನುಡಿಯ ಹಳೆಯ ಫಾಂಟಿನಲ್ಲಿ 'ಅಡುಗೆ ಮನೆ', 'ದೇವರ ಮನೆ' ಅಂತ ಬರೆದಿರುತ್ತೀರಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಕಾಣುತ್ತದೆ. ಫೈಲ್ ಕೆಟ್ಟಿಲ್ಲ, ಗಾಬರಿ ಬೇಡ. ಜೊತೆಗೆ ಒಂದು ಪಿಡಿಎಫ್ ಕಳಿಸಿ, ಯಾವ ಫಾಂಟ್ ಬಳಸಿದ್ದೀರಿ ಅಂತ ಒಂದು ಸಾಲು ಬರೆಯಿರಿ.

ಫೈಲ್ ಕೊಡುವ ಮುನ್ನ, ಕಂಪ್ಯೂಟರ್ ಕೊಡುವ ಮುನ್ನ

ಪರಿಚಯ ಇಲ್ಲದವರಿಗೆ ಫೈಲ್ ಕಳಿಸುವಾಗ ಮಾಲೀಕರ ಹೆಸರು, ಸೈಟ್ ನಂಬರು, ಸರ್ವೆ ನಂಬರು ಇರುವ ಪಟ್ಟಿಯನ್ನು ತೆಗೆದುಬಿಡಿ. ಮನೆಯ ಪ್ಲ್ಯಾನು ಅಂದರೆ ಹಿಂಬಾಗಿಲು ಎಲ್ಲಿ, ಬೀರು ಎಲ್ಲಿ ಅನ್ನೋದೂ ಅದರಲ್ಲಿರುತ್ತದೆ. ತೊಂದರೆ ಇರುವ ಒಂದು ರೂಮನ್ನಷ್ಟೇ ಕಾಪಿಯಲ್ಲಿ ಉಳಿಸಿ ಕಳಿಸಿದರೆ ಸಾಕು.

ಎನಿಡೆಸ್ಕ್ ತರದ್ದರಲ್ಲಿ ನಿಮ್ಮ ಕಂಪ್ಯೂಟರನ್ನು ದೂರದಿಂದ ನೋಡಲು ಬಿಡುವುದಾದರೆ, ಅದು ನಿಮಗೆ ಗೊತ್ತಿರುವವರಾಗಿರಬೇಕು. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ಅಂತ ಹುಡುಕಿ ಮೊದಲು ಸಿಕ್ಕ ನಂಬರಿಗೆ ಫೋನ್ ಮಾಡಬೇಡಿ. ಹಾಗೆ ಸುಳ್ಳು ನಂಬರ್ ಹಾಕಿ ಕಾಯುವವರಿದ್ದಾರೆ. ನಂಬರು ಆ ಸಾಫ್ಟ್‌ವೇರಿನ ಸ್ವಂತ ವೆಬ್‌ಸೈಟಿನಿಂದಲೇ ಬರಬೇಕು. ಡ್ರಾಯಿಂಗ್ ಸರಿಮಾಡಲು ಯಾರಿಗೂ ನಿಮ್ಮ ಒಟಿಪಿ ಬೇಕಾಗುವುದಿಲ್ಲ. ಕೇಳಿದ ಕೂಡಲೇ ಇಂಟರ್ನೆಟ್ ಕಟ್ ಮಾಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಇಟ್ಟುಕೊಂಡವರಿಗೆ ನಾನು ನೇರವಾಗಿ ಹೇಳುತ್ತೇನೆ: ಮೊದಲು ಅದನ್ನು ತೆಗೆಯಿರಿ. ಅಪ್‌ಡೇಟ್ ಬರುವುದಿಲ್ಲ, ವೈರಸ್ ಜೊತೆಗೇ ಬಂದಿರಬಹುದು, ತೊಂದರೆ ಸಾಫ್ಟ್‌ವೇರಿನದೋ ಕ್ರ್ಯಾಕಿನದೋ ಅಂತ ಯಾರಿಗೂ ಹೇಳಲು ಆಗುವುದಿಲ್ಲ. ಉಚಿತವಾದದ್ದೇ ಬೇಕಾದಷ್ಟಿವೆ. ಸ್ವೀಟ್ ಹೋಮ್ 3ಡಿ ಇದೆ, ಗೆರೆ ಡ್ರಾಯಿಂಗಿಗೆ ಲಿಬ್ರೆಕ್ಯಾಡ್ ಇದೆ, ಬ್ರೌಸರಿನಲ್ಲೇ ನಡೆಯುವ ಸ್ಕೆಚಪ್ ಫ್ರೀ ಇದೆ. ವಿದ್ಯಾರ್ಥಿಗಳಿಗೆ ಆಟೊಡೆಸ್ಕ್ ಕಂಪನಿಯೇ ಆಟೊಕ್ಯಾಡನ್ನು ಉಚಿತವಾಗಿ ಕೊಡುತ್ತದೆ, ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು.

ಸಹಾಯ ಮಾಡುವವರಿಗೆ

ಮೊದಲ ಪ್ರಶ್ನೆ ಯಾವಾಗಲೂ ಇದು: "ನಿಮಗೆ ಕೊನೆಗೆ ಏನು ಆಗಬೇಕು?" ಸಾಫ್ಟ್‌ವೇರ್ ತೊಂದರೆ ಅಂತ ಬಂದದ್ದು ಎಷ್ಟೋ ಸಲ ಮನೆಯ ತೊಂದರೆ ಆಗಿರುತ್ತದೆ.

ಮೆಟ್ಟಿಲಿನ ವಿಷಯ ಇದಕ್ಕೆ ಒಳ್ಳೆಯ ಉದಾಹರಣೆ. "ಮೆಟ್ಟಿಲು ಕೂರ್ತಿಲ್ಲ ಮೇಡಂ, ಎಷ್ಟು ಎಳೆದರೂ ಗೋಡೆಯೊಳಗೆ ನುಗ್ಗುತ್ತೆ" ಅಂತ ಬರುತ್ತದೆ. ಟೂಲ್ ಹೇಗೆ ಬಳಸೋದು ಅಂತ ಹೇಳಿಕೊಡೋದು ಸುಲಭ. ಆದರೆ ಲೆಕ್ಕ ಹಾಕಿ ನೋಡಿ. ನೆಲದಿಂದ ಮೇಲಿನ ನೆಲಕ್ಕೆ 10 ಅಡಿ ಅಂದರೆ 120 ಇಂಚು. 18 ಮೆಟ್ಟಿಲು ಏರಿದರೆ ಒಂದೊಂದೂ ಆರು ಮುಕ್ಕಾಲು ಇಂಚಿಗಿಂತ ಒಂಚೂರು ಕಡಿಮೆ. ವಯಸ್ಸಾದವರಿಗೂ ಹತ್ತಬಹುದಾದ ಎತ್ತರ. ಕಾಲಿಡುವ ಜಾಗ 10 ಇಂಚು ಅಂತ ಇಟ್ಟುಕೊಂಡರೆ ನೇರ ಮೆಟ್ಟಿಲಿಗೆ 17 ಪಾವಟಿಗೆ (ಹದಿನೆಂಟನೆಯದು ಮೇಲಿನ ನೆಲವೇ), 170 ಇಂಚು, ಅಂದರೆ 14 ಅಡಿ 2 ಇಂಚು ಬೇಕು. ನಡುವೆ ತಿರುವು ಕೊಟ್ಟರೆ ಒಂದು ಕಡೆಗೆ 8 ಪಾವಟಿಗೆ, 6 ಅಡಿ 8 ಇಂಚು. ಅದರ ಮುಂದೆ 3 ಅಡಿ ಲ್ಯಾಂಡಿಂಗ್, ಅಂದರೆ ತಿರುವಿನಲ್ಲಿರುವ ಸಮತಟ್ಟು ಜಾಗ. ಒಟ್ಟು 9 ಅಡಿ 8 ಇಂಚು. ಅವರು ಬಿಟ್ಟಿರೋದು 7 ಅಡಿ ಅಂದರೆ ಯಾವ ಸಾಫ್ಟ್‌ವೇರಿನಲ್ಲೂ ಆ ಮೆಟ್ಟಿಲು ಕೂರುವುದಿಲ್ಲ. ಸಾಫ್ಟ್‌ವೇರ್ ನಿಜ ಹೇಳುತ್ತಿದೆ. ಅದನ್ನು ಅವರಿಗೆ ಪ್ರೀತಿಯಿಂದ, ಅಂಕೆ ಇಟ್ಟು, ಬಿಡಿಸಿ ಹೇಳಬೇಕು. ಟೂಲ್ ತೋರಿಸಿ, ಮೆಟ್ಟಿಲನ್ನು ಕುಗ್ಗಿಸಿ ಕೂರಿಸಿಕೊಟ್ಟರೆ ಸ್ಕ್ರೀನಿನ ಮೇಲೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಮನೆಯ ಅಜ್ಜಿ ದಿನಾ ಅದನ್ನು ಹತ್ತಬೇಕು, ಅಲ್ವಾ?

ಹಾಗೇ, ಕಂಬ ತೆಗೆಯಬಹುದಾ, ಈ ಗೋಡೆ ಒಡೆಯಬಹುದಾ ಅನ್ನುವ ಪ್ರಶ್ನೆಗೆ ಸ್ಕ್ರೀನ್ ನೋಡಿ ಉತ್ತರ ಕೊಡಬೇಡಿ. ಅದು ಜಾಗಕ್ಕೆ ಬಂದು ನೋಡುವ ಸ್ಟ್ರಕ್ಚರಲ್ ಎಂಜಿನಿಯರ್ ಕೆಲಸ. ಹಾಗಂತ ಸ್ಪಷ್ಟವಾಗಿ ಹೇಳಿ.

ದೂರದಿಂದ ಸಹಾಯ ಮಾಡುವಾಗ ಮೌಸ್ ಕಸಿದುಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ನಾವು ಮಾಡಿದರೆ ಎರಡು ನಿಮಿಷ, ಅವರು ಮಾಡಿದರೆ ಕಾಲು ಗಂಟೆ. ಆದರೂ ಅವರ ಕೈಯಲ್ಲೇ ಮಾಡಿಸಿ. "ಮೇಷ್ಟ್ರೇ, ಫೈಲ್ ಮೆನು ಒತ್ತಿ. ಏನೇನು ಕಾಣುತ್ತೆ ಓದಿ ಹೇಳಿ" ಅಂತ ಒಂದು ಹೆಜ್ಜೆ ಹೇಳಿ, ಕಾದು, ಮುಂದಿನದು ಹೇಳಿ. ಅವರು ಓದಿ ಹೇಳುವಾಗ ಎಷ್ಟೋ ಸಲ ನಿಜವಾದ ಕಾರಣ ಅಲ್ಲೇ ಸಿಗುತ್ತದೆ. ಅವರ ಮೆನು ನಮ್ಮ ಮೆನುವಿನ ಹಾಗೆ ಇರುವುದಿಲ್ಲ, ವರ್ಷನ್ ಬೇರೆ ಇರುತ್ತದೆ.

ಫೈಲ್ ಸರಿಮಾಡಿ ವಾಪಸ್ ಕಳಿಸುವಾಗ ಅದೇ ಹೆಸರಲ್ಲಿ ಕಳಿಸಬೇಡಿ. ಕೊನೆಗೆ 'ಸರಿ ಮಾಡಿದ್ದು' ಅಂತಲೋ ತಾರೀಕೋ ಸೇರಿಸಿ. ಇಲ್ಲದಿದ್ದರೆ ಅವರು ಈ ನಡುವೆ ಮಾಡಿದ ಕೆಲಸದ ಮೇಲೆ ನಿಮ್ಮ ಫೈಲ್ ಕೂತುಬಿಡುತ್ತದೆ. ಜೊತೆಗೆ ಏನು ಬದಲಾಯಿಸಿದಿರಿ ಅಂತ ಬರೆಯಿರಿ. ಹೊಸ ವರ್ಷನ್ನಿನಲ್ಲಿ ಸೇವ್ ಮಾಡಿದ್ದು ಅವರ ಹಳೆಯದರಲ್ಲಿ ಓಪನ್ ಆಗದಿರಬಹುದು. ಆಟೊಕ್ಯಾಡ್‌ನಲ್ಲಿ 'ಸೇವ್ ಆ್ಯಸ್' ಕೊಟ್ಟು ಅವರಿಗೆ ತೆರೆಯುವ ಹಳೆಯ ಮಾದರಿ ಆರಿಸಿ.

ಉತ್ತರವನ್ನು ವಾಯ್ಸ್ ಮೆಸೇಜಿನಲ್ಲಿ ಕೊಡೋದು ನಮಗೆ ಸುಲಭ. ಕಣ್ಣು ಮಂಜಾದ ಹಿರಿಯರಿಗೆ ಅದೇ ಒಳ್ಳೆಯದು ಕೂಡ. ಆದರೆ ಅಂಕೆ, ಮೆನು ಹೆಸರು ಇದ್ದರೆ ಅದನ್ನು ಟೈಪ್ ಮಾಡಿಯೂ ಹಾಕಿ. ಮೂರು ತಿಂಗಳ ನಂತರ ಅದೇ ತೊಂದರೆ ಬಂದಾಗ ಅವರು ಹುಡುಕಿಕೊಳ್ಳುತ್ತಾರೆ.

"ಇಷ್ಟೂ ಗೊತ್ತಿಲ್ವಾ" ಅನ್ನುವ ಮಾತು ಯಾವತ್ತೂ ಬರಬಾರದು. ಕೇಳುವವರು ತಮ್ಮ ಜೀವಮಾನದ ಉಳಿತಾಯ ಹಾಕಿ ಕಟ್ಟುವ ಮನೆ ಅದು. ಸಾಲದ ಕಂತಿನ ಚಿಂತೆಯ ನಡುವೆ ರಾತ್ರಿ ಊಟ ಮುಗಿಸಿ ಕೂತು ಈ ಗೆರೆ ಎಳೆಯುತ್ತಿರುತ್ತಾರೆ.

ಒಂದೆರಡು ಪ್ರಶ್ನೆಗೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಪ್ಲ್ಯಾನನ್ನೇ ಮತ್ತೆ ಬರೆಯಬೇಕು ಅಂತಾದರೆ ಅದು ಕೆಲಸ, ಮೊದಲೇ ಎಷ್ಟು ಅಂತ ಹೇಳಿಬಿಡುತ್ತೇನೆ. ಇಬ್ಬರಿಗೂ ಮುಜುಗರ ಇರುವುದಿಲ್ಲ.

ಕೇಳಿದವರು ಕೊನೆಗೆ ಮಾಡಬೇಕಾದದ್ದೂ ಒಂದಿದೆ. ಸರಿಹೋಯಿತಾ ಇಲ್ಲವಾ ಅಂತ ತಿಳಿಸಿ. ಬೇರೆ ದಾರಿಯಿಂದ ಸರಿಹೋಗಿದ್ದರೆ ಅದನ್ನು ಬರೆಯಿರಿ. ಮೇಷ್ಟ್ರು ಮಾರನೇ ದಿನವೇ ಬರೆದರು: "10 ಅಡಿ 9 ಇಂಚು, 12 ಅಡಿ 9 ಇಂಚು ಕೊಟ್ಟೆ, ಒಳಗೆ ಸರಿಯಾಗಿ ಬಂತಮ್ಮಾ. ಆದರೆ ಈಗ ಹಾಲ್ 9 ಇಂಚು ಕಡಿಮೆಯಾಗಿದೆ, ಮಧ್ಯದ ಗೋಡೆಯನ್ನು ನಾಲ್ಕೂವರೆ ಇಂಚು ಮಾಡಲಾ?" ಮಾಡಬಹುದು ಅಂದೆ, ಮೇಲಿನ ಭಾರ ಆ ಗೋಡೆಯ ಮೇಲೆ ಬರುತ್ತದಾ ಅಂತ ಎಂಜಿನಿಯರನ್ನು ಕೇಳಿಕೊಂಡ ಮೇಲೆ.